ನಟ್ಟು ಬಿಗಿದ ಮಾತ್ರಕ್ಕೆ ಬ್ರೇಕು ಸರಿಯಾಗದು



ಈ ಪುಟದಲ್ಲಿ ನಾವು ವಾಡಿಕೆಯಾಗಿ ಬರೆಯುವುದು ಅಡಿಕೆಯ ಧಾರಣೆ, ಕಾಫಿ ಗಿಡದ ಕಸಿ, ಕೊಳೆರೋಗದ ಔಷಧಿ ಇವುಗಳನ್ನು ಕುರಿತು. ಈ ಸಾರಿ ಮೋಟಾರ್ ಸೈಕಲ್ಲಿನ ಬ್ರೇಕನ್ನು ಕುರಿತು ಬರೆಯುತ್ತಿದ್ದೇವೆ. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರು ಕೇಳಲಿ. ಕೊನೆಯವರೆಗೆ ಓದಿದ ಮೇಲೆ ಕೇಳಲಿ ಎಂಬುದಷ್ಟೇ ನಮ್ಮ ಅರಿಕೆ.

ಕಳೆದ ತೂಕದ ದಿನ ಸಂಘದ ಗೋದಾಮಿನ ಅಂಗಳದಲ್ಲಿ ಹಳೆಯ ಗಾಡಿಗಳು ಹತ್ತು ಹನ್ನೆರಡು ನಿಂತಿದ್ದವು. ಯೆಜ್ಡಿಗಳೇ ಹೆಚ್ಚು, ಒಂದೆರಡು ಜಾವಾ, ಎರಡು ಬುಲೆಟ್, ಒಂದು ರಾಜದೂತ್. ನಂಜನಗೂಡು ಕಡೆಯವರು, ತಿರುಮಕೂಡಲು ನರಸೀಪುರದ ಕಡೆಯವರು ಚೀಲ ಇಳಿಸಿ ಲೆಕ್ಕ ಬರೆಸುತ್ತಿದ್ದರು. ಒಡೆಯರ ಅಪ್ಪಣೆ ಪಡೆದು ನಾವು ಒಂದೊಂದೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದೆವು. ಕೆಲವು ಚಕ್ರಗಳು ಅರ್ಧ ಸುತ್ತು ತಿರುಗುವುದರೊಳಗೆ ಕಿರ್‍ರೆಂದು ನಿಂತವು. ಕೆಲವಕ್ಕೆ ಪೆಡಲು ತುಳಿದರೆ ಅದು ಪಾತಾಳ ಮುಟ್ಟುವ ತನಕ ಚಕ್ರಕ್ಕೆ ಸುದ್ದಿಯೇ ಇಲ್ಲ. ಪೆಟ್ರೋಲ್ ಟ್ಯಾಂಕುಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಬ್ಬ ಸದಸ್ಯರು ಮೈಸೂರಿನಲ್ಲಿ ಕ್ರೋಮ್ ಹಾಕಿಸಿಕೊಂಡು ಬಂದದ್ದನ್ನು ಅಭಿಮಾನದಿಂದ ತೋರಿಸಿದರು. ಬ್ರೇಕು ಶೂ ಬದಲಾಯಿಸಿದ್ದು ಯಾವಾಗ ಎಂದು ಕೇಳಿದರೆ, "ನಟ್ಟು ಬಿಗೀತಾ ಇದ್ದೀನಲ್ಲಾ ಸ್ವಾಮಿ, ಆಗಾಗ" ಎಂದರು.

ಈ "ನಟ್ಟು ಬಿಗಿಯುತ್ತಾ ಇದ್ದೇನೆ" ಎಂಬ ಮಾತೇ ನಮ್ಮ ಇಂದಿನ ತಕರಾರು. ಯಾಕೆಂದರೆ ಅದೇ ಮಾತನ್ನು ನಾವೂ ಆಡಿದ್ದೆವು, ಅದರ ಬೆಲೆಯನ್ನು ಇನ್ನೊಬ್ಬರು ತೆತ್ತರು.

ನಮ್ಮ ಮನೆಯ ಯೆಜ್ಡಿ ನಮ್ಮ ತಂದೆಯವರು ಕೊಂಡದ್ದು. ಅವರ ಕಾಲಾನಂತರ ನಾವು ಓಡಿಸುತ್ತಿದ್ದೇವೆ, ತೋಟದ ರೈಟರಿಗೂ ಕೊಡುತ್ತೇವೆ. ಕೆಲವು ವರ್ಷಗಳ ಹಿಂದೆ, ಹುರುಳಿ ಒಕ್ಕಣೆಯ ಕಾಲದಲ್ಲಿ, ಪಂಪಿನ ಸಾಮಾನು ತರಲೆಂದು ಅವನನ್ನು ನರಸೀಪುರಕ್ಕೆ ಕಳಿಸಿದೆವು. ಹಿಂದಿನ ದಿನವಷ್ಟೇ ಹಿಂಬದಿ ಬ್ರೇಕಿನ ನಟ್ಟನ್ನು ಮೂರು ಸುತ್ತು ಬಿಗಿದು, ಗೇಟಿನವರೆಗೆ ಓಡಿಸಿ ನೋಡಿ, "ಈಗ ಚೆನ್ನಾಗಿ ಹಿಡೀತದೆ ಕಣಯ್ಯಾ, ಹೆದರಬೇಡ" ಎಂದಿದ್ದೆವು. ನಮ್ಮ ಕಡೆ ಆ ತಿಂಗಳಲ್ಲಿ ರಸ್ತೆಯೇ ಕಣ ಎಂಬುದು ಹೊರಗಿನವರಿಗೆ ತಿಳಿಯದಿದ್ದರೂ ಸದಸ್ಯರಿಗೆ ಹೇಳಬೇಕಾಗಿಲ್ಲ. ನಾಲೆಯ ಸೇತುವೆ ಇಳಿದೊಡನೆ ರಸ್ತೆಯ ಉದ್ದಕ್ಕೂ ಹುರುಳಿ ಹಾಸಿತ್ತು, ಅದರ ನಡುವೆ ಮುದುಕಿಯೊಬ್ಬಳು ಕುಳಿತು ಕಾಳು ಗುಡಿಸುತ್ತಿದ್ದಳು. ಇವನು ದೂರದಿಂದಲೇ ನೋಡಿ ಬ್ರೇಕು ತುಳಿದ. ಪೆಡಲು ಗಟ್ಟಿಯಾಗಿಯೇ ಇತ್ತು, ಗಾಡಿ ಮಾತ್ರ ನಿಲ್ಲಲಿಲ್ಲ. ಹುರುಳಿಯ ಹಾಸಿನ ಮೇಲೆ ಚಕ್ರ ಏರಿದಾಗ ಇವನು ಹ್ಯಾಂಡಲು ತಿರುಗಿಸಿ ನಾಲೆಯ ಏರಿಗೆ ಹೊಡೆದ. ಮುದುಕಿಗೆ ಏನೂ ಆಗಲಿಲ್ಲ. ಇವನ ಹೆಗಲಿನ ಮೂಳೆ ಮುರಿದು ಎರಡು ತಿಂಗಳು ಕೈಗೆ ಜೋಳಿಗೆ ಕಟ್ಟಿಕೊಂಡಿದ್ದ. ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿ ಮೊದಲು ಹೇಳಿದ ಮಾತು, "ಬ್ರೇಕು ತುಳಿದೆ ಬುದ್ಧಿ, ಸುಳ್ಳು ಹೇಳ್ತಾ ಇಲ್ಲ" ಎಂದು. ಅಪರಾಧಿ ನಾವು, ಸಮಜಾಯಿಷಿ ಕೊಡುತ್ತಿದ್ದವನು ಅವನು.

ಆಮೇಲೆ ಹಿಂದಿನ ಚಕ್ರ ಕಳಚಿ ನೋಡಿದೆವು. ಶೂಗಳ ಮೇಲಿನ ಲೈನರ್ ತಗಡಿನಷ್ಟು ತೆಳ್ಳಗಾಗಿ ರಿವೆಟ್ಟಿನ ತಲೆಗಳು ಹೊರಬಂದು ಡ್ರಮ್ಮಿನ ಒಳಮೈಯಲ್ಲಿ ನೇಗಿಲ ಸಾಲಿನಂತೆ ಗೀರು ಎಳೆದಿದ್ದವು. ಅಷ್ಟು ದಿನ ನಾವು ಬಿಗಿದದ್ದು ಬ್ರೇಕನ್ನಲ್ಲ, ಸವೆತವನ್ನು ಮುಚ್ಚುವ ಮುಚ್ಚಳವನ್ನು.

ಇದು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡ್ರಮ್ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವ ಒಂದು ಬಟ್ಟಲು, ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಶೂಗಳ ಒಂದು ತುದಿ ಗೂಟಕ್ಕೆ ಕಚ್ಚಿಕೊಂಡಿರುತ್ತದೆ, ಇನ್ನೊಂದು ತುದಿಯ ನಡುವೆ ಚಪ್ಪಟೆಯಾದ ಕ್ಯಾಮ್ ಇರುತ್ತದೆ. ಪೆಡಲು ತುಳಿದಾಗ ಹೊರಗಿರುವ ಸಣ್ಣ ತೋಳು, ಅಂದರೆ ಆರ್ಮ್, ಎಳೆಯಲ್ಪಟ್ಟು ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಶೂಗಳನ್ನು ಅಗಲಿಸುತ್ತದೆ, ಶೂ ಬಟ್ಟಲಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಲೈನರ್ ಸವೆದಷ್ಟೂ ಕ್ಯಾಮ್ ಹೆಚ್ಚು ತಿರುಗಬೇಕು. ನಟ್ಟು ಬಿಗಿಯುವುದೆಂದರೆ ಕ್ಯಾಮನ್ನು ಮೊದಲೇ ಅಷ್ಟು ತಿರುಗಿಸಿ ಇಡುವುದು, ಅಷ್ಟೇ. ಪೆಡಲು ಮತ್ತೆ ಮೇಲಕ್ಕೆ ಬರುತ್ತದೆ, ನಮಗೆ ಸಮಾಧಾನವಾಗುತ್ತದೆ.

ಹಾರೆಯಿಂದ ಕಲ್ಲು ಮೀಟಿದವರಿಗೆ ಮುಂದಿನ ಮಾತು ಬೇಗ ಅರ್ಥವಾದೀತು. ಹಗ್ಗ ಕಟ್ಟಿ ಹಾರೆಯನ್ನು ಎಳೆಯುವಾಗ ಹಗ್ಗವೂ ಹಾರೆಯೂ ಮೂಲೆಮಟ್ಟದಂತೆ ನಿಂತರೆ ಪೂರ್ತಿ ಬಲ ಸಿಗುತ್ತದೆ. ಹಾರೆ ಹಗ್ಗದ ಕಡೆಗೆ ವಾಲಿಬಿಟ್ಟರೆ ಎಷ್ಟು ಎಳೆದರೂ ಬಲ ವ್ಯರ್ಥ. ಬ್ರೇಕಿನ ಆರ್ಮೂ ಹಾಗೆಯೇ. ಪೂರ್ತಿ ತುಳಿದಾಗ ಆರ್ಮಿಗೂ ಅದನ್ನು ಎಳೆಯುವ ಕಂಬಿ ಅಥವಾ ಕೇಬಲ್ಲಿಗೂ ನಡುವೆ ಮೂಲೆಮಟ್ಟದ ಕೋನ, ಅಂದರೆ ಸುಮಾರು 90 ಡಿಗ್ರಿ ಇರತಕ್ಕದ್ದು. ಅದನ್ನು ದಾಟಿ ವಾಲುತ್ತಿದ್ದರೆ ಒಳಗೆ ಲೈನರ್ ಮುಗಿದಿದೆ ಎಂದೇ ಅರ್ಥ. ಕೆಲವು ಕಡೆ ಆರ್ಮನ್ನು ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿಕೊಟ್ಟು, "ಇನ್ನೊಂದು ವರ್ಷ ನಡೀತದೆ" ಎನ್ನುತ್ತಾರೆ. ಇದು ನಟ್ಟು ಬಿಗಿಯುವುದಕ್ಕಿಂತ ದೊಡ್ಡ ಮೋಸ. ಹೊರಗೆ ಕೋನ ಸರಿಯಾಗಿ ಕಾಣುತ್ತದೆ, ಒಳಗೆ ಕ್ಯಾಮ್ ಪೂರ್ತಿ ಅಡ್ಡ ತಿರುಗಿರುತ್ತದೆ. ಕೆಲವೊಮ್ಮೆ ಹಾಗೆಯೇ ಸಿಕ್ಕಿಕೊಂಡು ಚಕ್ರ ಓಟದಲ್ಲೇ ಕಟ್ಟಿಹಾಕಿದಂತೆ ನಿಂತುಬಿಡುತ್ತದೆ.

ಆದ್ದರಿಂದ ಬ್ರೇಕು ಅಡ್ಜಸ್ಟ್ ಮಾಡುವುದು ಸ್ಪ್ಯಾನರಿನಿಂದ ಆರಂಭವಾಗುವುದಿಲ್ಲ, ಕಣ್ಣಿನಿಂದ ಆರಂಭವಾಗುತ್ತದೆ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನಾವು ಕುಡುಗೋಲು ಅದ್ದಿ ನೋಡುತ್ತೇವೆ, ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ, ಕಾಣದಿದ್ದರೆ ಮಾತ್ರ ಸಿಂಪಡಿಸುತ್ತೇವೆ. ಆಳು ಹೇಳಿದ ಎಂದು ನಂಬಿ ಮರಕ್ಕೆ ಹೊಡೆಯುವುದಿಲ್ಲ. ಬ್ರೇಕಿನ ವಿಷಯದಲ್ಲಿ ಮಾತ್ರ ಆ ವಿವೇಕ ಎಲ್ಲಿ ಹೋಗುತ್ತದೆಯೋ ತಿಳಿಯದು.

ಕ್ರಮ ಹೀಗಿದೆ. ಗಾಡಿ ತಣ್ಣಗಿರುವಾಗ ಮಾಡಬೇಕು. ಬಿಸಿಯಾದ ಡ್ರಮ್ ಹಿಗ್ಗಿರುತ್ತದೆ. ಆಗ ಬಿಗಿದರೆ ತಣಿದ ಮೇಲೆ ಕುಗ್ಗಿ ಶೂವನ್ನು ಹಿಡಿದುಕೊಳ್ಳುತ್ತದೆ. ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರದ ಸರದಿ ಬಂದಾಗ ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರ ನೆಲ ಬಿಡುವಂತೆ ಮಾಡಿ. ಗಾಡಿ ಉರುಳದಂತೆ ಒಬ್ಬರು ಹಿಡಿದಿರಲಿ. ಮೊದಲು ನಟ್ಟನ್ನು ಪೂರ್ತಿ ಸಡಿಲಿಸಿ. ಚಕ್ರ ಆಗಲೂ ಬಿಡುವಾಗಿ ತಿರುಗದಿದ್ದರೆ ದೋಷ ಬೇರೆಡೆ ಇದೆ: ಕ್ಯಾಮ್ ತುಕ್ಕು ಹಿಡಿದಿರಬಹುದು, ಒಳಗಿನ ಸ್ಪ್ರಿಂಗ್ ಸೋತಿರಬಹುದು, ಕೇಬಲ್ಲಿನ ಎಳೆಗಳು ಹರಿದು ಕವಚದೊಳಗೆ ಸಿಕ್ಕಿಕೊಂಡಿರಬಹುದು, ಕಡ್ಡಿಗಳ ಬಿಗಿ ಏರುಪೇರಾಗಿ ಡ್ರಮ್ ಅಂಡಾಕಾರವಾಗಿರಬಹುದು. ಡ್ರಮ್ ಅಂಡಾಕಾರವಾಗಿದ್ದರೆ ಸುತ್ತಿನಲ್ಲಿ ಒಂದೇ ಜಾಗದಲ್ಲಿ ಉಜ್ಜುವ ಸದ್ದು ಬರುತ್ತದೆ. ಆಗ ನಟ್ಟಿನ ಹತ್ತಿರ ಕುಳಿತು ಪ್ರಯೋಜನವಿಲ್ಲ, ಕಡ್ಡಿಗಳನ್ನು ಸಮ ಮಾಡಿಸಿ ಲೇತಿನ ಮೇಲೆ ಒಳಮೈ ಕೊರೆಸಬೇಕು. ಅದಕ್ಕೂ ಮಿತಿಯಿದೆ, ಡ್ರಮ್ ತೀರಾ ತೆಳುವಾಗಬಾರದು.

ಚಕ್ರ ಬಿಡುವಾಗಿದ್ದರೆ ಶೂಗಳನ್ನು ನಡುವಿಗೆ ತರಬೇಕು. ಇದನ್ನು ಮಾಡುವವರು ಹತ್ತರಲ್ಲಿ ಒಬ್ಬರೂ ಇಲ್ಲ. ಆಕ್ಸಲಿನ ನಟ್ಟನ್ನು ಸ್ವಲ್ಪ ಸಡಿಲಿಸಿ, ಚಕ್ರ ತಿರುಗಿಸಿ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಹಿಡಿದಿರುವಾಗಲೇ ಆಕ್ಸಲ್ ನಟ್ಟನ್ನು ಬಿಗಿಯಬೇಕು. ಶೂ ಹೊತ್ತ ತಟ್ಟೆಗೆ ಆಕ್ಸಲಿನ ಸುತ್ತ ಕೂದಲೆಳೆಯಷ್ಟು ಆಟ ಇರುವ ಗಾಡಿಗಳಲ್ಲಿ, ಎರಡು ಶೂಗಳೂ ಒಟ್ಟಿಗೆ ಕಚ್ಚುವ ಜಾಗಕ್ಕೆ ತಟ್ಟೆ ತಾನೇ ಸರಿದು ಕೂರುತ್ತದೆ. ಐದು ನಿಮಿಷದ ಕೆಲಸ. ಇದಾದ ಮೇಲೆ ಬ್ರೇಕಿನ ಕೈಗುಣವೇ ಬದಲಾಗುವುದನ್ನು ನಾವು ಸ್ವತಃ ಕಂಡಿದ್ದೇವೆ.

ಕೊನೆಗೆ ಅಡ್ಜಸ್ಟಿಂಗ್ ನಟ್ಟು. ಚಕ್ರ ತಿರುಗಿಸುತ್ತಾ, ಶೂ ಡ್ರಮ್ಮಿಗೆ ಸೋಕುವ ಸಣ್ಣ ಸದ್ದು ಬರುವವರೆಗೆ ಬಿಗಿದು, ಸದ್ದು ನಿಲ್ಲುವವರೆಗೆ ಹಿಂದಕ್ಕೆ ತಿರುಗಿಸಿ. ಹ್ಯಾಂಡಲಿನ ಲಿವರ್ ತುದಿಯಲ್ಲಿ ಒಂದು ಅಂಗುಲದೊಳಗೆ, ಕಾಲಿನ ಪೆಡಲಿಗೂ ಹೆಚ್ಚುಕಡಿಮೆ ಅಷ್ಟೇ ಬಿಡುವು ಸಾಕು. ಬಿಡುವೇ ಇಲ್ಲದಂತೆ ಬಿಗಿಯುವುದು ಶೂರತನವಲ್ಲ. ಶೂ ಸದಾ ಉಜ್ಜಿ ಡ್ರಮ್ ಕಾದು, ಘಟ್ಟ ಇಳಿಯುವಾಗ ಬೇಕಾದ ಹೊತ್ತಿಗೆ ಬ್ರೇಕು ಜಾರುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಡೆ, ಕೊಡಗಿನ ಕಡೆ ಕಾಫಿ ತೋಟವಿರುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲದೆ ಜಾವಾ, ಯೆಜ್ಡಿ, ರಾಜದೂತ್ ಎರಡು ಸ್ಟ್ರೋಕಿನ ಗಾಡಿಗಳು. ನಾಲ್ಕು ಸ್ಟ್ರೋಕಿನ ಬುಲೆಟ್ಟಿನಂತೆ ಆಕ್ಸಲರೇಟರ್ ಬಿಟ್ಟೊಡನೆ ಇಂಜಿನ್ನೇ ಅರ್ಧ ಹಿಡಿಯುತ್ತದೆ ಎಂಬ ಭರವಸೆ ಇವುಗಳಲ್ಲಿ ಇಲ್ಲ, ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆಯೇ. ಪೆಟ್ರೋಲ್ ಉಳಿಸಲೆಂದು ಇಂಜಿನ್ ನಿಲ್ಲಿಸಿ ನ್ಯೂಟ್ರಲ್ಲಿನಲ್ಲಿ ಇಳಿಯುವ ಬುದ್ಧಿವಂತರಿಗೆ ನಾವು ಏನೂ ಹೇಳುವುದಿಲ್ಲ, ಅವರ ಮನೆಯವರು ಹೇಳಲಿ.

ಇನ್ನೊಂದು ಸಂಗತಿ ಬಹಳ ಜನ ಮರೆಯುವಂಥದು. ಚೈನ್ ಸಡಿಲವಾಯಿತೆಂದು ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿದಾಗ ಬ್ರೇಕಿನ ಆರ್ಮೂ ಚಕ್ರದೊಡನೆ ಹಿಂದಕ್ಕೆ ಹೋಗುತ್ತದೆ. ಕಂಬಿಯ ಉದ್ದ ಅಷ್ಟೇ ಇರುವುದರಿಂದ ಬ್ರೇಕು ತಾನಾಗಿ ಬಿಗಿಯಾಗುತ್ತದೆ. ಚೈನ್ ಮುಟ್ಟಿದ ದಿನ ಬ್ರೇಕನ್ನೂ ಮುಟ್ಟಲೇಬೇಕು. ಗೋದಾಮಿನ ಅಂಗಳದಲ್ಲಿ ಅರ್ಧ ಸುತ್ತಿಗೆ ನಿಂತ ಗಾಡಿಗಳಲ್ಲಿ ಎರಡರ ಕಥೆ ಇದೇ ಆಗಿತ್ತು. ಅವುಗಳ ಒಡೆಯರು "ಮೈಲೇಜ್ ಬಿದ್ದುಹೋಗಿದೆ" ಎಂದು ಕಾರ್ಬುರೇಟರ್ ಬಿಚ್ಚಿಸಿದ್ದರು.

ಲೈನರ್ ಬದಲಾಯಿಸಲು ಡ್ರಮ್ ತೆರೆದಾಗ ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದುವುದು ನಮ್ಮಲ್ಲಿ ರೂಢಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಿರಿ. ಗ್ಯಾರೇಜಿನ ಹುಡುಗರಿಗೂ ಹೇಳಿ. ಕ್ಯಾಮಿನ ಕಡ್ಡಿಗೆ ಒಂದು ಚೂರು ಗ್ರೀಸ್ ಸಾಕು, ಕೈಯಲ್ಲಿದ್ದ ಗ್ರೀಸ್ ಲೈನರಿಗೆ ಸೋಕಿದರೆ ಹೊಸ ಲೈನರೂ ಹಾಳು.

ನೀರಿನ ವಿಷಯ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದದ್ದನ್ನು ನಾವಾರೂ ಮರೆತಿಲ್ಲ. ಅಂಥ ನೀರಿನಲ್ಲಿ ಹಾಯ್ದುಬಂದ ಡ್ರಮ್ಮಿನೊಳಗೆ ತೇವ ನಿಂತು ಬ್ರೇಕು ಕೆಲಹೊತ್ತು ಸತ್ತಂತೆ ಇರುತ್ತದೆ. ಬಯಲಾದ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಹಗುರವಾಗಿ ಹಿಡಿದಿದ್ದರೆ ಬಿಸಿಗೆ ಒಣಗುತ್ತದೆ. ಆ ಹೊತ್ತಿನಲ್ಲಿ ಮಾತ್ರ ನಟ್ಟು ಬಿಗಿಯಲು ಹೋಗಬೇಡಿ.

ಈಗ ಮುಂದಿನ ಬ್ರೇಕಿನ ಮಾತು. "ಮುಂದಿನ ಬ್ರೇಕ್ ಮುಟ್ಟಿದರೆ ಮುಗ್ಗರಿಸಿ ಬೀಳ್ತೀಯ" ಎಂದು ನಮ್ಮ ತಂದೆಯವರು ನಮಗೆ ಹೇಳಿಕೊಟ್ಟರು, ನಾವು ರೈಟರಿಗೆ ಹೇಳಿಕೊಟ್ಟೆವು. ಹೇಳಿದ್ದಷ್ಟೇ ಅಲ್ಲ, ಮುಂದಿನ ಕೇಬಲ್ಲನ್ನು ಬೇಕೆಂದೇ ಸಡಿಲ ಬಿಟ್ಟಿದ್ದೆವು. ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಚಕ್ರಕ್ಕೇ ಇರುವುದು. ಹುರುಳಿ, ಮರಳು, ಕೆಸರಿನ ಮೇಲೆ ಅದನ್ನು ಗಕ್ಕನೆ ಹಿಡಿಯಬಾರದು, ನಿಜ. ಆದರೆ ಅಂದು ಹುರುಳಿಯ ಹಾಸು ಸಿಗುವ ಮುಂಚೆ ಬರಿಯ ಟಾರು ರಸ್ತೆ ಸಾಕಷ್ಟಿತ್ತು. ಮುಂದಿನ ಬ್ರೇಕು ಒಂದು ಸ್ಥಿತಿಯಲ್ಲಿದ್ದು, ಅದನ್ನು ಹದವಾಗಿ ಹಿಡಿಯಲು ಅವನಿಗೆ ಕಲಿಸಿದ್ದರೆ ಅಲ್ಲಿಯೇ ನಿಲ್ಲುತ್ತಿದ್ದ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಮಿಕ್ಕಿ ಓಡುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹಿಂದೆ ಎರಡು ಚೀಲ ಅಡಿಕೆ ಇದ್ದರೆ ಕೇಳುವುದೇ ಬೇಡ.

ನಮ್ಮ ಆಡಳಿತ ಮಂಡಳಿಯ ಹಿರಿಯ ನಿರ್ದೇಶಕರೊಬ್ಬರು ಇದನ್ನೆಲ್ಲ ಕೇಳಿ, "ಇಷ್ಟೆಲ್ಲ ರಗಳೆ ಯಾಕಪ್ಪ, ಹಳೇ ಗಾಡಿ ಮಾರಿ ಹೊಸದು ತಗೊಳ್ಳಲಿ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. 2019ರ ಏಪ್ರಿಲಿನಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ಗಾಡಿಗಳಿಗೂ ಚಕ್ರ ಕಟ್ಟಿಹಾಕಿದಂತೆ ನಿಲ್ಲದ ಎ.ಬಿ.ಎಸ್. ಬ್ರೇಕು ಕಡ್ಡಾಯವಾಗಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿ ಬಂದಾಗಲೂ ಮುಂದಿನ ಚಕ್ರಕ್ಕೆ ಡಿಸ್ಕೇ ಬಂತು. ಎಳೆಯರಿಗೆ ಅದೇ ಕ್ಷೇಮ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಾದ ಗಾಡಿಗಳು ನಮ್ಮ ಎರಡು ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಇನ್ನೂ ಇವೆ, ಓಡುತ್ತಲೂ ಇವೆ. ಮಾರಿ ಎಂದರೆ ಮಾರುವವರು ಯಾರು? ಅಪ್ಪನ ಕಾಲದ ಗಾಡಿಯನ್ನು ಯಾರೂ ಮಾರುವುದಿಲ್ಲ, ನಾವೂ ಮಾರಿಲ್ಲ. ಮಾರದವರು ಅದನ್ನು ನಿಲ್ಲಿಸಲು ಕಲಿಯಬೇಕಲ್ಲವೇ?

ಡಿಸ್ಕ್ ಬ್ರೇಕು ತಂದು ಹಳೆಯ ಗಾಡಿಗೆ ಕೂಡಿಸುತ್ತೇವೆ ಎನ್ನುವ ಯುವಕರೂ ಇದ್ದಾರೆ. ಕಾರ್ಖಾನೆಯವರು ಕೊಟ್ಟ ರೂಪವನ್ನು ಮನಬಂದಂತೆ ಬದಲಾಯಿಸಲು ಮೋಟಾರು ವಾಹನ ಕಾಯಿದೆ ಅವಕಾಶ ಕೊಡುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಆಮೇಲೆ ಅದು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ರಸ್ತೆಗೆ ಬರಬಹುದೇ ಹೊರತು ದಿನನಿತ್ಯ ಅಡಿಕೆ ಚೀಲ ಹೊರುವಂತಿಲ್ಲ. ಚೀಲ ಹೊರುವವರು ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳುತ್ತಾ ಹೋಗಬೇಕು. ಅಂದು ಇನ್‌ಸ್ಪೆಕ್ಟರು ನೋಡುವುದು ಆ ಒಂದು ದಿನದ ಬ್ರೇಕನ್ನು. ಮಿಕ್ಕ ದಿನಗಳ ಬ್ರೇಕನ್ನು ನೋಡಬೇಕಾದವರು ಮನೆಯವರು.

ಮೆಕ್ಯಾನಿಕ್‌ಗಳನ್ನು ನಾವು ದೂರುತ್ತಿಲ್ಲ. ಹಳೆಯ ಜಾವಾದ ಸದ್ದು ಕೇಳಿ ರೋಗ ಹೇಳುವ ಕೈಗಳು ಮೈಸೂರಿನಲ್ಲಿ ಇನ್ನೂ ಇವೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಲೈನರ್ ಹಾಕುವುದು, ಡ್ರಮ್ ಕೊರೆಯುವುದು ಅವರ ಕೆಲಸ. ಆದರೆ ವಾರಕ್ಕೊಮ್ಮೆ ಚಕ್ರ ತಿರುಗಿಸಿ ನೋಡುವುದು, ಆರ್ಮಿನ ಕೋನ ನೋಡುವುದು ಅವರ ಕೆಲಸವಲ್ಲ. ಅಡಿಕೆ ಮರ ಹತ್ತುವವನು ತನ್ನ ಹಗ್ಗವನ್ನು ಅಂಗಡಿಯವನು ಬಂದು ನೋಡಲಿ ಎಂದು ಕಾಯುವುದಿಲ್ಲ. ಗಾಡಿಯನ್ನು ಇನ್ನೊಬ್ಬರ ಕೈಗೆ, ಅದರಲ್ಲೂ ಬೇಡವೆನ್ನಲು ಸಂಕೋಚಪಡುವ ಆಳಿನ ಕೈಗೆ ಕೊಡುವ ಯಜಮಾನರಿಗಂತೂ ಇದು ತಪ್ಪಿಸಿಕೊಳ್ಳುವ ಬಾಬತ್ತಲ್ಲ. ನಮ್ಮ ರೈಟರು ಈಗಲೂ ಅದೇ ಯೆಜ್ಡಿ ಓಡಿಸುತ್ತಾನೆ. ಬೀಗದ ಕೈ ಇಸಿದುಕೊಂಡ ಮೇಲೆ "ವಸಿ ತಡೀರಿ ಬುದ್ಧಿ" ಎಂದು ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಚಕ್ರ ತಿರುಗಿಸಿ ನೋಡುತ್ತಾನೆ. ನಾವು ಪಕ್ಕದಲ್ಲಿ ನಿಂತಿರುತ್ತೇವೆ. ಮೊದಮೊದಲು ನಾಚಿಕೆಯಾಗುತ್ತಿತ್ತು.

ಸಂಘದ ವತಿಯಿಂದ ನಾವು ಆಡಳಿತ ಮಂಡಳಿಯ ಮುಂದೆ ಇಟ್ಟಿರುವ ಸಲಹೆ ಸಣ್ಣದು. ನಂಜನಗೂಡಿನ ದೊಡ್ಡ ಜಾತ್ರೆಗೆ ಮುಂಚಿನ ಒಂದು ಭಾನುವಾರ, ಬೆಳಗಿನ ತಣ್ಣನೆ ಹೊತ್ತಿನಲ್ಲಿ, ಗೋದಾಮಿನ ಅಂಗಳಕ್ಕೆ ಸದಸ್ಯರು ತಮ್ಮ ಹಳೆಯ ಗಾಡಿಗಳನ್ನು ತರುವುದು, ಒಬ್ಬರಿಗೊಬ್ಬರು ನೋಡಿ ಮಾಡಿಕೊಡುವುದು. ರಸ್ತೆಯೆಲ್ಲ ಜನವಾಗುವ ಮುಂಚೆ ಇದಾದರೆ ಒಳ್ಳೆಯದು. ಖರ್ಚೆಂದರೆ ಕಾಫಿ, ಉಪ್ಪಿಟ್ಟು. ಹಿರಿಯ ನಿರ್ದೇಶಕರು ಉಪ್ಪಿಟ್ಟಿಗೆ ಒಪ್ಪಿದ್ದಾರೆ, ಮಿಕ್ಕದ್ದಕ್ಕೂ ಒಪ್ಪುವ ಲಕ್ಷಣವಿದೆ. ಬರುವವರು ಮರದ ದಿಮ್ಮಿಯನ್ನೂ ತಮ್ಮ ತಮ್ಮ ಸ್ಪ್ಯಾನರನ್ನೂ ತರತಕ್ಕದ್ದು. ಸಂಘದ ಸ್ಪ್ಯಾನರ್ ಸೆಟ್ ಹೋದ ವರ್ಷ ಒಬ್ಬ ಸದಸ್ಯರು ಎರಡು ದಿನಕ್ಕೆಂದು ಒಯ್ದದ್ದು ಇನ್ನೂ ಹಿಂದಿರುಗಿಲ್ಲ. ಅವರೂ ಈ ಪತ್ರಿಕೆಯ ಓದುಗರೇ.